ಬೈಕಿಗೆ ಕಾರಿನ ಆಯಿಲ್ ಯಾಕೆ ಸ್ವಾಮೀ?

"ಕಾರಿಗೆ ಹಾಕೋ ದುಬಾರಿ ಆಯಿಲ್ ಬೈಕಿಗೂ ಹಾಕಿ, ಬೆಣ್ಣೆ ಥರ ಓಡುತ್ತೆ" ಅನ್ನೋ ಪಂಡಿತರಿಗೆ ಒಂದು ಮಾತು. ಕಾರಿನ ಇಂಜಿನ್ ಆಯಿಲ್ ಕ್ಲಚ್ ತನಕ ಹೋಗೋದೇ ಇಲ್ಲ. ನಮ್ಮ ಗೇರ್ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಅದೇ ಆಯಿಲ್. ಪೆಟ್ರೋಲ್ ಉಳಿಸೋಕೆ ಅಂತ ಕಾರಿನ ಆಯಿಲಿಗೆ ಬೆರೆಸಿರೋ ಜಾರುಮದ್ದು ಕ್ಲಚ್ ಪ್ಲೇಟನ್ನೂ ಜಾರಿಸಬಹುದು. ಆಮೇಲೆ ಆಗುಂಬೆ ಘಾಟಿಯಲ್ಲಿ ಇಂಜಿನ್ ಕೂಗುತ್ತೆ, ಬೈಕು ಹತ್ತಲ್ಲ!

ಜಪಾನಿನವರು 1998ರಲ್ಲೇ ಇದಕ್ಕೆ ಜಾಸೋ ಗುರುತು ತಂದರು: ಗೇರ್ ಬೈಕಿಗೆ ಎಂಎ, ಗೇರ್‌ಲೆಸ್ ಸ್ಕೂಟರಿಗೆ ಎಂಬಿ. ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30 ಅಂತ ಕಂಪನಿಯೇ ಹೇಳಿರುವಾಗ, "ದಪ್ಪ ಇದ್ದಷ್ಟೂ ಒಳ್ಳೇದು" ಅಂತ 20ಡಬ್ಲ್ಯೂ-50 ಸುರಿಯೋದ್ಯಾಕೆ?

ಬೆಲೆ ಬಿಡಿ, ಡಬ್ಬಿ ಮೇಲಿನ ಅಕ್ಷರ ಓದಿ. ಮ್ಯಾನ್ಯುಯಲ್ ಕೊಟ್ಟಿದ್ದು ಧೂಳು ತಿನ್ನೋಕಲ್ಲ. ಏನಂತೀರಿ?