ಸೋಮವಾರದ ನಂತರ ಮಂಗಳವಾರವೇ ಏಕೆ?

ಕಳೆದ ಬುಧವಾರ ಸಂಜೆ ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳು ನೋಟ್‌ಬುಕ್ ಹಿಡಿದು ಎದುರಿಗೆ ಬಂದು ಕೂತಳು. ಶಾಲೆಯಲ್ಲಿ ಒಬ್ಬೊಬ್ಬರೂ ದಿನನಿತ್ಯದ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಉತ್ತರ ಹುಡುಕಿ, ಸೋಮವಾರ ತರಗತಿಯ ಮುಂದೆ ಓದಬೇಕಂತೆ. ಅವಳ ಪ್ರಶ್ನೆ ಸಿದ್ಧವಾಗಿತ್ತು.

"ತಾತ, ಸೂರ್ಯನಿಂದ ಲೆಕ್ಕ ಹಾಕಿದರೆ ಮೊದಲು ಬುಧ, ಆಮೇಲೆ ಶುಕ್ರ, ಭೂಮಿ, ಮಂಗಳ, ಗುರು, ಶನಿ. ಹಾಗಾದರೆ ಭಾನುವಾರ ಆದ ಮೇಲೆ ಬುಧವಾರ ಬರಬೇಕಿತ್ತಲ್ಲ? ಸೋಮ, ಮಂಗಳ, ಬುಧ, ಗುರು, ಶುಕ್ರ ಅಂತ ಯಾರು ಹೀಗೆ ಕಲಸಿಬಿಟ್ಟರು?"

ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಷ್ಟೂ ವರ್ಷ ದಿನಾ ಬೆಳಿಗ್ಗೆ ತಾರೀಖು ಮುದ್ರೆ ತಿರುಗಿಸಿದವನು ನಾನು. ಸೋಮವಾರದ ನಂತರ ಮಂಗಳವಾರವೇ ಏಕೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. "ಗೊತ್ತಿಲ್ಲ ಪುಟ್ಟಿ" ಎಂದಿದ್ದರೆ ಮುಗಿಯುತ್ತಿತ್ತು. ತಾತನ ಜಂಬ ಬಿಡಬೇಕಲ್ಲ! "ಅದು ನಮ್ಮ ಋಷಿಗಳು ವೇದಕಾಲದಲ್ಲೇ ಮಾಡಿಟ್ಟ ಲೆಕ್ಕ. ಇಡೀ ಜಗತ್ತು ನಮ್ಮಿಂದಲೇ ಕಲಿತದ್ದು" ಎಂದುಬಿಟ್ಟೆ. ಮೊಬೈಲಿನಲ್ಲಿ ಯಾರೋ ಕಳಿಸಿದ್ದನ್ನು ಎಂದೋ ಓದಿದ ನೆನಪು, ಅಷ್ಟೇ.

ಅವಳು ಅಕ್ಷರ ಬಿಡದೆ ಬರೆದುಕೊಂಡಳು. ಕೆಳಗೆ "ನಮ್ಮ ತಾತ ಹೇಳಿದ್ದು" ಎಂದೂ ಸೇರಿಸಿದಳು. ಆಮೇಲೆ ತಲೆ ಎತ್ತಿ, "ಕ್ರಮ ಯಾಕೆ ಹಾಗಿದೆ ಅನ್ನೋದಕ್ಕೆ ಉತ್ತರ ಬರಲಿಲ್ಲವಲ್ಲ ತಾತ?" ಎಂದಳು.

"ನಾಳೆ ಹೇಳ್ತೀನಿ" ಎಂದೆ.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಾಲದಲ್ಲಿ ದಿನದ ಲೆಕ್ಕದಲ್ಲಿ ಒಂದು ರೂಪಾಯಿ ಕೂಡಿಬರದಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ನನ್ನ ಹೆಸರಿನಲ್ಲಿ ಪರೀಕ್ಷಿಸದ ಒಂದು ಲೆಕ್ಕ ಮಗುವಿನ ನೋಟ್‌ಬುಕ್ಕಿನಲ್ಲಿ ಕೂತಿದೆ, ಸೋಮವಾರ ಅದು ನಲವತ್ತು ಮಕ್ಕಳ ಕಿವಿಗೆ ಬೀಳಲಿದೆ. ಬೆಳಿಗ್ಗೆ ಎದ್ದು ಗ್ರಂಥಾಲಯಕ್ಕೆ ಹೊರಟೆ. ಎರಡು ದಿನ ಅಲ್ಲೇ ಕೂತೆ. ಶನಿವಾರ ಮಧ್ಯಾಹ್ನ ಮೊಮ್ಮಗಳನ್ನು ಕರೆದು, "ಒಂದು ಹಾಳೆ, ಪೆನ್ಸಿಲ್ ತಗೋ" ಎಂದೆ.

ದುರ್ಬೀನು ಇಲ್ಲದ ಕಾಲದಲ್ಲಿ ಬರಿಗಣ್ಣಿಗೆ ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಾ ಸಾಗುವ ಏಳೇ ಏಳು ಬೆಳಕುಗಳು ಕಾಣುತ್ತಿದ್ದವು: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ. ಅಂದಿನವರು ಭೂಮಿಯೇ ನಡುವೆ ಇದೆ, ಈ ಏಳೂ ಅದನ್ನು ಸುತ್ತುತ್ತಿವೆ ಎಂದು ಭಾವಿಸಿದ್ದರು. ನಿಧಾನವಾಗಿ ಸಾಗುವುದು ದೂರದಲ್ಲಿದೆ, ಬೇಗ ಸಾಗುವುದು ಹತ್ತಿರದಲ್ಲಿದೆ ಎಂದು ಲೆಕ್ಕ ಹಾಕಿದರು. ಶನಿಗೆ ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಗುರುವಿಗೆ ಸುಮಾರು 12 ವರ್ಷ, ಮಂಗಳನಿಗೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಸೂರ್ಯನಿಗೆ ಒಂದು ವರ್ಷ. ಶುಕ್ರನ ಅವಧಿ 225 ದಿನ, ಬುಧನದು 88 ದಿನ, ಚಂದ್ರನದು 27 ದಿನಕ್ಕೆ ಸ್ವಲ್ಪ ಹೆಚ್ಚು. ಹೀಗಾಗಿ ಅವರ ಸಾಲು ಇದು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ.

"ಇದೂ ವಾರದ ಕ್ರಮ ಅಲ್ಲವಲ್ಲ" ಎಂದಳು.

"ತಡಿ. ಈಗ ಹಗಲು ರಾತ್ರಿ ಸೇರಿ 24 ಗಂಟೆ. ಒಂದೊಂದು ಗಂಟೆಗೂ ಈ ಸಾಲಿನ ಒಬ್ಬೊಬ್ಬರು ಯಜಮಾನರು ಎಂದು ಅವರು ನಂಬಿದ್ದರು. ದಿನದ ಮೊದಲ ಗಂಟೆಗೆ ಯಾರು ಯಜಮಾನರೋ ಇಡೀ ದಿನಕ್ಕೆ ಅವರದೇ ಹೆಸರು. ಶನಿವಾರದಿಂದ ಶುರು ಮಾಡು. ಗಂಟೆಗೊಂದು ಹೆಸರು ಬರಿ."

ಅವಳು ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ ಬರೆದು ಹೆಸರು ತುಂಬಿದಳು. ಮೊದಲ ಗಂಟೆ ಶನಿ. ಏಳು ಹೆಸರು ಮುಗಿದು ಎಂಟನೆಯ ಗಂಟೆಗೆ ಮತ್ತೆ ಶನಿ, ಹದಿನೈದಕ್ಕೆ ಶನಿ, ಇಪ್ಪತ್ತೆರಡಕ್ಕೆ ಶನಿ. ಇಪ್ಪತ್ತಮೂರು ಗುರು, ಇಪ್ಪತ್ತನಾಲ್ಕು ಮಂಗಳ. ದಿನ ಮುಗಿಯಿತು. ಮರುದಿನದ ಮೊದಲ ಗಂಟೆ ಯಾರದು? ಸೂರ್ಯನದು!

"ಭಾನುವಾರ!" ಎಂದು ಕೂಗಿದಳು.

ಮತ್ತೆ ಸೂರ್ಯನಿಂದ ಹಿಡಿದು ಬರೆದಳು. ಇಪ್ಪತ್ತೆರಡನೆಯದು ಸೂರ್ಯ, ಆಮೇಲೆ ಶುಕ್ರ, ಬುಧ. ಮರುದಿನ ಚಂದ್ರ, ಅಂದರೆ ಸೋಮವಾರ. ಅದರ ಮರುದಿನ ಮಂಗಳ. ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೇ ಗುಟ್ಟು ಹೊಳೆಯಿತು. "ಎಲ್ಲಾ ಬರೆಯೋದೇ ಬೇಡ ತಾತ. 24ನ್ನು 7ರಿಂದ ಭಾಗಿಸಿದರೆ 3 ಉಳಿಯುತ್ತೆ. ಮೂರು ಮನೆ ಮುಂದೆ ಹೋದರೆ ಸಾಕು." ಆಮೇಲೆ ಬೆರಳಿನಲ್ಲೇ ಎಣಿಸಿದಳು: ಮಂಗಳನಿಂದ ಮೂರು ಮನೆ ಮುಂದೆ ಬುಧ, ಅಲ್ಲಿಂದ ಗುರು, ಶುಕ್ರ, ಮತ್ತೆ ಶನಿ. ಯಾರೂ ಕಲಸಿರಲಿಲ್ಲ. ಶೇಷ ಮೂರು ಉಳಿದದ್ದೇ ಕಾರಣ!

ನನಗೂ ಮೊದಲ ಸಲ ಆ ಲೆಕ್ಕ ಕೂಡಿಬಂದಾಗ ಗ್ರಂಥಾಲಯದಲ್ಲಿ ಒಬ್ಬನೇ ನಕ್ಕಿದ್ದೆ. ಆದರೆ ಇನ್ನೊಂದು ಕೆಲಸ ಬಾಕಿ ಇತ್ತು. "ಬುಧವಾರ ನಾನು ಹೇಳಿದ್ದನ್ನು ಹೊಡೆದು ಹಾಕು ಪುಟ್ಟಿ. ಅದು ತಪ್ಪು" ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು.

ಹಳೆಯ ವೈದಿಕ ಸಾಹಿತ್ಯದಲ್ಲಿ ತಿಥಿ ಇದೆ, ನಕ್ಷತ್ರವಿದೆ, ಮಾಸ, ಋತು, ಅಯನಗಳಿವೆ. ಗ್ರಹಗಳ ಹೆಸರಿನ ಏಳು ವಾರಗಳಿಲ್ಲ. ಅಶೋಕನ ಶಾಸನಗಳಲ್ಲೂ ತಿಷ್ಯ, ಪುನರ್ವಸು ಎಂಬ ನಕ್ಷತ್ರಗಳ ಹೆಸರು ಬರುತ್ತದೆ, ಪಕ್ಷದ ಎಂಟನೆಯ ದಿನ, ಹದಿನಾಲ್ಕನೆಯ ದಿನ ಎಂದು ಬರುತ್ತದೆ, ವಾರ ಬರುವುದಿಲ್ಲ. ಆಕಾಶದಲ್ಲಿ ಚಲಿಸುವ ಬೆಳಕುಗಳನ್ನು ತಲೆಮಾರುಗಟ್ಟಲೆ ಗಮನಿಸಿ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟವರಲ್ಲಿ ಬ್ಯಾಬಿಲೋನಿನವರು ಮುಂದಿದ್ದರು. ಹಗಲಿಗೆ 12, ರಾತ್ರಿಗೆ 12 ಭಾಗ ಮಾಡಿದವರು ಈಜಿಪ್ಟಿನವರು. ದೂರದ ಕ್ರಮದಲ್ಲಿ ಸಾಲು ಹಚ್ಚಿದವರು ಗ್ರೀಕರು. ಇವೆಲ್ಲ ಕೂಡಿ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ಮತ್ತು ರೋಮನ್ ಜಗತ್ತಿನಲ್ಲಿ ಈ ವಾರ ಬಳಕೆಗೆ ಬಂತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ಪಟ್ಟಣದ ಗೋಡೆಯ ಮೇಲೆ ಶನಿಯಿಂದ ಶುರುವಾಗುವ ವಾರದ ದೇವತೆಗಳ ಪಟ್ಟಿ ಸಿಕ್ಕಿದೆ. ಜ್ಯೋತಿಷಿಗಳು ಹೇಳುವ 'ಹೋರಾ' ಎಂಬ ಪದವೂ ಗ್ರೀಕ್ ಮೂಲದ್ದು. ಇಂಗ್ಲಿಷಿನ 'ಅವರ್' ಅದರ ಅಕ್ಕನೋ ತಂಗಿಯೋ.

ನಮ್ಮಲ್ಲಿ ವಾರವನ್ನು ಹೆಸರಿಸುವ ಬಹಳ ಹಳೆಯ ಶಾಸನ ಮಧ್ಯಪ್ರದೇಶದ ಏರಣ್ ಎಂಬಲ್ಲಿದೆ. ಗುಪ್ತರ ಬುಧಗುಪ್ತನ ಕಾಲದ್ದು, ಕ್ರಿ.ಶ. 484. ಆಷಾಢ ಶುದ್ಧ ದ್ವಾದಶಿ, ಗುರುವಾರ.

"ಹಾಗಾದರೆ ಇದರಲ್ಲಿ ನಮ್ಮದು ಅಂತ ಏನೂ ಇಲ್ಲವಾ ತಾತ?" ಸ್ವರ ಸಣ್ಣದಾಗಿತ್ತು. ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವ ಧೈರ್ಯ ನನಗೆ ಈಗ ಇರಲಿಲ್ಲ.

"ಇದೆ. ಆರ್ಯಭಟನ ಹೆಸರು ಕೇಳಿದ್ದೀಯಲ್ಲ? 499ರಲ್ಲಿ, ತನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಅವನು 'ಆರ್ಯಭಟೀಯ'ದಲ್ಲಿ ನೀನೀಗ ಮಾಡಿದ ಲೆಕ್ಕವನ್ನೇ ಒಂದು ಶ್ಲೋಕದಲ್ಲಿ ಕೂರಿಸಿದ್ದಾನೆ. ಶನಿಯಿಂದ ಹಿಡಿದು ವೇಗದ ಕ್ರಮದಲ್ಲಿ ಹೋರೆಗಳ ಒಡೆಯರು, ನಾಲ್ಕು ನಾಲ್ಕನೆಯವರು ದಿನಗಳ ಒಡೆಯರು ಎಂದು. ನೀನು ಶೇಷ ಮೂರು ಎಂದೆ, ಅವನು ಹೊರಟ ಮನೆಯನ್ನೂ ಸೇರಿಸಿ ನಾಲ್ಕು ಎಂದ. ಆಮೇಲೆ ನಮ್ಮವರು ಆ ಏಳು ದಿನವನ್ನು ತಿಥಿ, ನಕ್ಷತ್ರ, ಯೋಗ, ಕರಣಗಳ ಜೊತೆ ಸೇರಿಸಿ ಪಂಚಾಂಗ ಮಾಡಿದರು. ಕನ್ನಡ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿಗಳ ಪಕ್ಕದಲ್ಲಿ ಆದಿವಾರ, ಸೋಮವಾರ ಎಂದು ಕಲ್ಲಿನಲ್ಲಿ ಕೆತ್ತಿದರು. ವಡ್ಡವಾರ ಎಂಬ ಒಂದು ಹೆಸರೂ ಅಲ್ಲಿ ಬರುತ್ತದೆ. ಅದು ಶನಿವಾರ ಎಂದು ವಿದ್ವಾಂಸರು ಅರ್ಥ ಮಾಡಿದ್ದಾರೆ."

ಬ್ಯಾಂಕಿನವನಿಗೆ ತೋಚುವ ಹೋಲಿಕೆ ಒಂದೇ. "ಇದು ಜಂಟಿ ಖಾತೆ ಪುಟ್ಟಿ. ಹಣ ಹಾಕಿದವರು ಅನೇಕರು. ನಾವೂ ಹಾಕಿದ್ದೇವೆ. ಇಡೀ ಖಾತೆ ನಮ್ಮದೊಂದೇ ಎಂದರೆ ಸುಳ್ಳು ಲೆಕ್ಕ, ನಮ್ಮದೇನೂ ಇಲ್ಲ ಎಂದರೂ ಸುಳ್ಳು ಲೆಕ್ಕ."

ಒಳಗಿನಿಂದ ಅವಳ ಅಜ್ಜಿ ಕೇಳಿಸಿಕೊಳ್ಳುತ್ತಿದ್ದರು. "ಅಜ್ಜಿ ಮಂಗಳವಾರ ಉಗುರು ಕತ್ತರಿಸಬೇಡ ಅಂತಾರಲ್ಲ, ಅದೂ ಈ ಯಜಮಾನರ ಲೆಕ್ಕವಾ?" ಎಂದಳು ಮೊಮ್ಮಗಳು. ಮಂಗಳ ಒಂದು ಕಲ್ಲು ಮಣ್ಣಿನ ಗೋಳ, ನಮ್ಮ ಉಗುರಿನ ಗೊಡವೆ ಅದಕ್ಕಿಲ್ಲ ಎಂದೆ. 1781ರಲ್ಲಿ ಯುರೇನಸ್, 1846ರಲ್ಲಿ ನೆಪ್ಚೂನ್ ಪತ್ತೆಯಾದವು. ಅವಕ್ಕೆ ವಾರದಲ್ಲಿ ಜಾಗ ಸಿಗಲಿಲ್ಲ. ಬರಿಗಣ್ಣಿಗೆ ಎದ್ದು ಕಾಣುವಂತಿದ್ದರೆ ವಾರಕ್ಕೆ ಒಂಬತ್ತು ದಿನವಾಗಿ ಶಾಲೆಗೆ ಇನ್ನೂ ಎರಡು ದಿನ ಹೆಚ್ಚು ಹೋಗಬೇಕಿತ್ತೇನೋ! ಅಜ್ಜಿ ಒಳಗಿನಿಂದಲೇ, "ಉಗುರು ಬುಧವಾರ ಕತ್ತರಿಸಿದರೆ ನಿಮ್ಮ ವಿಜ್ಞಾನಕ್ಕೇನೂ ನಷ್ಟವಿಲ್ಲ" ಎಂದರು. ಆ ವಿಷಯ ಅಲ್ಲಿಗೇ ಬಿಟ್ಟೆವು.

ನೋಡಿ, ದಿನವನ್ನು ಭೂಮಿ ಕೊಡುತ್ತದೆ, ತಿಂಗಳನ್ನು ಚಂದ್ರ ಕೊಡುತ್ತಾನೆ, ವರ್ಷವನ್ನು ಸೂರ್ಯ ಕೊಡುತ್ತಾನೆ. ಏಳು ದಿನದ ವಾರವನ್ನು ಮಾತ್ರ ಆಕಾಶದಲ್ಲಿ ಯಾವುದೂ ಸುತ್ತಿ ಮುಗಿಸುವುದಿಲ್ಲ. ಮನುಷ್ಯರು ಮಾಡಿಕೊಂಡದ್ದು ಅದು. ಹಾಗಿದ್ದೂ ಅದನ್ನು ಬದಲಿಸಲು ಹೋದವರು ಸೋತಿದ್ದಾರೆ. ಕ್ರಾಂತಿಯ ನಂತರ ಫ್ರಾನ್ಸಿನಲ್ಲಿ 1793ರಲ್ಲಿ ಹತ್ತು ದಿನದ ವಾರ ತಂದರು. ಒಂಬತ್ತು ದಿನ ದುಡಿದು ಹತ್ತನೆಯ ದಿನ ರಜೆ ಎಂದರೆ ಯಾರಿಗೆ ಬೇಕು? 1806ರ ಜನವರಿ 1ಕ್ಕೆ ನೆಪೋಲಿಯನ್ ಆ ಪಂಚಾಂಗವನ್ನೇ ಬಿಟ್ಟ. ಸೋವಿಯತ್ ರಷ್ಯಾದಲ್ಲಿ 1929ರಲ್ಲಿ ಐದು ದಿನದ ವಾರ ಬಂತು. ಯಂತ್ರಗಳು ನಿಲ್ಲಬಾರದೆಂದು ಕೆಲಸಗಾರರನ್ನು ಐದು ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಕೊಟ್ಟರು. ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ! ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ದಿನವೇ ಇಲ್ಲವಾಯಿತು. 1931ರಲ್ಲಿ ಆರು ದಿನಕ್ಕೆ ಬದಲಿಸಿದರು, 1940ರಲ್ಲಿ ಮತ್ತೆ ಏಳಕ್ಕೇ ಬಂದರು.

ನಮ್ಮಲ್ಲೂ ಭಾನುವಾರದ ರಜೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರಕ್ಕೊಂದು ರಜೆ ಒಪ್ಪಿದರು.

ಸಂಸ್ಕೃತದಲ್ಲಿ 'ವಾರ' ಎಂದರೆ ಸರದಿ. ನಮ್ಮ ತಂದೆ ವಾರಾನ್ನ ಉಂಡು ಓದಿದವರು. ಏಳು ದಿನಕ್ಕೆ ಏಳು ಮನೆ. ಅವರಿಗೆ ಆರೇ ಮನೆ ಸಿಕ್ಕಿತ್ತು, ಗುರುವಾರದ ಮನೆ ಸಿಗಲಿಲ್ಲ. ಕೊನೆಯವರೆಗೂ ಗುರುವಾರ ಒಪ್ಪತ್ತು ಮಾಡುತ್ತಿದ್ದರು. ರಾಯರ ವಾರ ಎಂದು ಊರಿನವರು ತಿಳಿದಿದ್ದರು, ಅವರೂ ಇಲ್ಲವೆನ್ನಲಿಲ್ಲ. ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು.

ಸೋಮವಾರ ಸಂಜೆ ಶಾಲೆಯಿಂದ ಬಂದವಳೇ ಚೀಲ ಎಸೆದು, "ಎಲ್ಲರೂ ಬೆರಳಲ್ಲಿ ಎಣಿಸಿ ನೋಡಿದರು ತಾತ" ಎಂದಳು. ಹೊಡೆದು ಹಾಕಿದ ಸಾಲನ್ನೂ ಓದಿದಳಂತೆ: "ಮೊದಲು ನಮ್ಮ ತಾತ ಹೀಗೆ ಹೇಳಿದ್ದರು, ಆಮೇಲೆ ಅವರೇ ತಿದ್ದಿದರು" ಎಂದು. ನನಗೆ ಸ್ವಲ್ಪ ನಾಚಿಕೆಯಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಈಜಿಪ್ಟಿನವರು 12 ಭಾಗವನ್ನೇ ಯಾಕೆ ಮಾಡಿದರು, 10 ಯಾಕಲ್ಲ?" ಎಂದು ಕೇಳಿದನಂತೆ.

"ನೀನೇನಂದೆ?"

"ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ ಅಂದೆ."

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ. 365ನ್ನು 7ರಿಂದ ಭಾಗಿಸಿದರೆ 1 ಉಳಿಯುತ್ತದೆ. ಆದ್ದರಿಂದ ಅದೇ ತಾರೀಖು ಮರುವರ್ಷ ಒಂದು ವಾರ ಮುಂದಕ್ಕೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. 1956ರ ನವೆಂಬರ್ 1, ನಮ್ಮ ನಾಡು ಒಂದಾದ ದಿನ, ಗುರುವಾರ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1. ನಡುವೆ 17 ವರ್ಷ, ಅದರಲ್ಲಿ 1960, 64, 68, 72 ಎಂಬ ನಾಲ್ಕು ಅಧಿಕ ವರ್ಷ. 17ಕ್ಕೆ 4 ಸೇರಿಸಿದರೆ 21, ಏಳರಿಂದ ಭಾಗಿಸಿದರೆ ಶೇಷ ಸೊನ್ನೆ. ಹಾಗಾದರೆ ಅಂದು ಯಾವ ವಾರ? ಅದು ಗೊತ್ತಾದ ಮೇಲೆ ಈ ವರ್ಷದ ನಿಮ್ಮ ಹುಟ್ಟುಹಬ್ಬದಿಂದ ಹಿಂದಕ್ಕೆ ಎಣಿಸಿ, ನೀವು ಹುಟ್ಟಿದ್ದು ಯಾವ ವಾರ ಎಂದು ಕಂಡುಹಿಡಿಯಿರಿ. ಉತ್ತರ ಸರಿಯೇ ಎಂದು ಅಮ್ಮನನ್ನು ಕೇಳಿ. ಅವರು ಆ ದಿನವನ್ನು ಮರೆತಿರುವುದಿಲ್ಲ.