ಲ್ಯಾಂಡ್‌ಲೈನ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಿದರೆ ಕರೆಗಳೆಲ್ಲ ಉಚಿತವೇ?

"ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸಿ, ಕರೆಗಳೆಲ್ಲ ಉಚಿತ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಈ ಫೋನ್ ನಮ್ಮ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಮಾಡಿ ಇಂಟರ್ನೆಟ್ ಮೂಲಕ ಕಳುಹಿಸುತ್ತದೆ. ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 100 ಕೆಬಿಪಿಎಸ್ ಸಾಕು. ಐದು ಜನ ಒಟ್ಟಿಗೆ ಮಾತಾಡಿದರೂ ಬ್ರಾಡ್‌ಬ್ಯಾಂಡ್‌ಗೆ ಅದು ಭಾರವಲ್ಲ. ತುಣುಕುಗಳು ತಡವಾದರೆ ಅಥವಾ ಕಳೆದುಹೋದರೆ ಮಾತ್ರ ಧ್ವನಿ ಕಡಿದು ಕಡಿದು ಕೇಳುತ್ತದೆ.

ಆಫೀಸಿನೊಳಗಿನ ಫೋನ್‌ಗಳ ನಡುವಿನ ಕರೆಗೆ ಪ್ರತ್ಯೇಕ ಶುಲ್ಕವಿಲ್ಲ, ನಿಜ. ಆದರೆ ಹೊರಗಿನ ಮೊಬೈಲ್, ಲ್ಯಾಂಡ್‌ಲೈನ್‌ಗೆ ಕರೆ ಮಾಡಲು ಪರವಾನಗಿ ಇರುವ ಟೆಲಿಕಾಂ ಕಂಪನಿಯ ಸೇವೆ ಬೇಕು. ಅದಕ್ಕೆ ಹಣ ಕೊಡಬೇಕು.

ಈ ಮಾತು ಹೇಳದೆ ಬಿಡುವ ವಿಷಯ ಇನ್ನೊಂದಿದೆ. ಹಳೆಯ ತಾಮ್ರದ ತಂತಿಯ ಫೋನ್‌ಗೆ ವಿದ್ಯುತ್ ಬರುತ್ತಿದ್ದುದು ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ. ಹಾಗಾಗಿ ಕರೆಂಟ್ ಹೋದರೂ ಅದು ಕೆಲಸ ಮಾಡುತ್ತಿತ್ತು. ಇಂಟರ್ನೆಟ್ ಫೋನ್ ಹಾಗಲ್ಲ. ಕರೆಂಟ್ ಹೋಗಿ ರೂಟರ್ ಆರಿದರೆ ಫೋನೂ ಸತ್ತಂತೆ. ಬೆಂಕಿ ಬಿದ್ದಾಗ, ಯಾರಾದರೂ ಕುಸಿದು ಬಿದ್ದಾಗ 112ಕ್ಕೆ ಕರೆ ಹೋಗುವುದಿಲ್ಲ.

ಆದ್ದರಿಂದ ಕಂಪ್ಯೂಟರ್‌ಗಷ್ಟೇ ಅಲ್ಲ, ರೂಟರ್ ಮತ್ತು ಫೋನ್‌ಗೂ ಯುಪಿಎಸ್ ಕೊಡಿ. ಚಾರ್ಜ್ ಇರುವ ಒಂದು ಮೊಬೈಲ್ ಆಫೀಸಿನಲ್ಲಿ ಸದಾ ಇರಲಿ. "ಎಲ್ಲ ಉಚಿತ" ಎಂಬುದು ಅರ್ಧ ಸತ್ಯ. ಫಾರ್ವರ್ಡ್ ಮಾಡುವಾಗ ಉಳಿದರ್ಧವನ್ನೂ ಸೇರಿಸಿ.