ನರರೋಗಿಗಳಿಗೆ ಹಕ್ಕಿದೆ, ದಾರಿ ತಿಳಿಯಬೇಕಿದೆ

ಹೊಸಪೇಟೆ: ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ನರರೋಗಗಳು ಬಂದು ಹೋಗುವ ಕಾಯಿಲೆಗಳಲ್ಲ. ಮಾತ್ರೆ, ಆರೈಕೆ, ಆಸ್ಪತ್ರೆ ಓಡಾಟ ವರ್ಷಗಟ್ಟಲೆ ಇರುತ್ತದೆ. ಹಿರಿಯರ ಕೈ ನಡುಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರುವುದು ಸರಿಯಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಈ ಎರಡೂ ಇವೆ. ವೈಕಲ್ಯ ಶೇ 40ಕ್ಕೆ ಕಡಿಮೆ ಇಲ್ಲವೆಂದು ಪ್ರಮಾಣಪತ್ರ ದೊರೆತರೆ ಹಲವು ಸರ್ಕಾರಿ ಸವಲತ್ತುಗಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಯುಡಿಐಡಿ ಕಾರ್ಡ್ ಮಾಡಿಸಬೇಕು, ಅರ್ಜಿ ಆನ್‌ಲೈನ್‌ನಲ್ಲಿದೆ.

ಗೊಂದಲವಾಗುವುದು ಜಿಲ್ಲೆಯ ವಿಷಯದಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಂಪ್ಲಿಯವರಿಗೆ ಹೊಸಪೇಟೆಯೇ ಹತ್ತಿರ, ಆದರೆ ವಿಳಾಸದ ದಾಖಲೆ ಬಳ್ಳಾರಿಯದು. ನಿಯಮದಂತೆ ದಾಖಲೆಯಲ್ಲಿರುವ ಜಿಲ್ಲೆಯಲ್ಲಾಗಲಿ, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಪ್ರಮಾಣಪತ್ರ ಕೇಳಬಹುದು. ಇದು ಗೊತ್ತಿದ್ದರೆ ರೋಗಿಯನ್ನು ಊರೂರು ಅಲೆಸುವುದು ತಪ್ಪುತ್ತದೆ.

ಆರೈಕೆ ಮಾಡುವವರೂ ಸೋಲುತ್ತಾರೆ. ಅಂಥವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಉಚಿತ.

ಔಷಧದಾನ ಜೈನರಿಗೆ ಹೊಸದಲ್ಲ. ಪ್ರತಿ ಊರಿನ ಸಮಾಜದಲ್ಲಿ ಇಬ್ಬರು ಯುವಕರು ಅರ್ಜಿ ತುಂಬಿಕೊಡಲು ಮುಂದಾದರೆ ಅದೂ ಆ ದಾನದ ಒಂದು ಭಾಗವೇ.